ಕಡಲಪಾಚಿಗೆ ಬ್ಯಾಕ್ಟೀರಿಯಾ ಕಾವಲು

ಬೆಳಗ್ಗೆ ಎದ್ದು ಹಲ್ಲುಜ್ಜೋ ಟೂತ್‌ಪೇಸ್ಟ್, ಮಕ್ಕಳು ಚಪ್ಪರಿಸೋ ಐಸ್‌ಕ್ರೀಂ, ಪ್ಯಾಕೆಟ್‌ನ ಚಾಕೊಲೇಟ್ ಹಾಲು. ಈ ಮೂರರಲ್ಲೂ ಇರಬಹುದಾದ ಒಂದು ವಸ್ತು ಕ್ಯಾರಜೀನನ್. ನೀರು ನೀರಾಗಿರೋದನ್ನ ಗಟ್ಟಿ ಮಾಡೋದು ಅದರ ಕೆಲಸ. ಅದು ಸಿಗೋದು ಕೆಂಪು ಕಡಲಪಾಚಿಯಿಂದ, ಅದರಲ್ಲೂ ಹೆಚ್ಚಾಗಿ ಫಿಲಿಪ್ಪೀನ್ಸ್ ಮೂಲದ ಕಪ್ಪಾಫೈಕಸ್ ಅನ್ನೋ ಪಾಚಿಯಿಂದ. ನಮ್ಮ ಪಕ್ಕದ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಕರಾವಳಿಯಲ್ಲಿ ಬಿದಿರಿನ ತೆಪ್ಪ ಕಟ್ಟಿ ಇದನ್ನ ಬೆಳೀತಾರೆ. ಬೆಳೆಯೋರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಒಂದು ತೆಪ್ಪಕ್ಕೆ ಸುಮಾರು 60 ಕೆಜಿ ಬಿತ್ತನೆ ಕಟ್ಟಿದರೆ 45 ದಿನಕ್ಕೆ 200 ಕೆಜಿ ದಾಟುತ್ತೆ. ಗೊಬ್ಬರ ಬೇಡ, ನೀರು ಹಾಯಿಸೋದು ಬೇಡ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ?

ಆದರೆ 2013-14ರ ಸುಮಾರಿಗೆ ಸಮುದ್ರದ ನೀರು ಬಿಸಿಯಾಯ್ತು, ಪಾಚಿ ರಾಶಿರಾಶಿಯಾಗಿ ಸತ್ತಿತು, ಉತ್ಪಾದನೆ ಕುಸಿದುಬಿತ್ತು.

ಈ ಪಾಚಿಯನ್ನ ಕಾಡೋ ಒಂದು ಕಾಯಿಲೆಗೆ ಐಸ್-ಐಸ್ ಅಂತ ಹೆಸರು. ಕೊಂಬೆ ಬೆಳ್ಳಗಾಗುತ್ತೆ, ಮೆತ್ತಗಾಗುತ್ತೆ, ಮುರಿದು ನೀರುಪಾಲಾಗುತ್ತೆ. 1995ರಲ್ಲಿ ಫಿಲಿಪ್ಪೀನ್ಸ್‌ನ ಡ್ಯಾನಿಲೊ ಲಾರ್ಗೊ ಮತ್ತು ಸಂಗಡಿಗರು ತೋರಿಸಿದ್ದು ಇಷ್ಟು: ಬಿಸಿ, ಉಪ್ಪಿನಂಶದ ಏರುಪೇರು, ಬೆಳಕಿನ ಕೊರತೆಯಿಂದ ಪಾಚಿ ಸೊರಗುತ್ತೆ, ಆಗ ವಿಬ್ರಿಯೋದಂಥ ಬ್ಯಾಕ್ಟೀರಿಯಾಗಳು ಮೇಲೆರಗುತ್ತವೆ. ಬಿದ್ದವನ ಮೇಲೆ ಕಲ್ಲು ಹಾಕೋದು ಅಂತಾರಲ್ಲ, ಹಾಗೆ.

ಔಷಧಿ ಹೊಡೀಬಹುದಲ್ಲ ಅಂತೀರಾ? ಎಲ್ಲಿಗೆ ಹೊಡೀತೀರಿ ಸ್ವಾಮಿ, ಸಮುದ್ರಕ್ಕಾ? ಹೊಸ ತಳಿ ತರೋದೂ ಸುಲಭವಿಲ್ಲ. ದಾಸವಾಳದ ಕಡ್ಡಿ ಮುರಿದು ನೆಟ್ಟ ಹಾಗೆ, ಒಂದೇ ಪಾಚಿಯ ತುಂಡುಗಳನ್ನ ದಶಕಗಳಿಂದ ಕತ್ತರಿಸಿ ಕತ್ತರಿಸಿ ಕಟ್ಟುತ್ತಾ ಬಂದಿದ್ದಾರೆ. ಎಲ್ಲವೂ ಒಂದರ ನಕಲು. ಒಂದಕ್ಕೆ ಆಗದ್ದು ಎಲ್ಲಕ್ಕೂ ಆಗಲ್ಲ. ಇಂಜಿನಿಯರಿಂಗ್ ಓದಿದ ಯಾರನ್ನೇ ಕೇಳಿ, ಇದು ಕೆಟ್ಟ ಡಿಸೈನ್ ಅಂತಾರೆ.

ಹಾಗಾಗಿ ವಿಜ್ಞಾನಿಗಳ ಕಣ್ಣು ಬಿದ್ದಿದ್ದು ಪಾಚಿಯ ಮೈಮೇಲೆ ಮೊದಲಿಂದಲೂ ವಾಸವಾಗಿರೋ ಬ್ಯಾಕ್ಟೀರಿಯಾಗಳ ಮೇಲೆ. ಇವು ಬರೀ ಬಾಡಿಗೆದಾರರಲ್ಲ. ಉಲ್ವಾ ಅನ್ನೋ ಹಸಿರು ಪಾಚಿಯಿಂದ ಬ್ಯಾಕ್ಟೀರಿಯಾಗಳನ್ನೆಲ್ಲ ತೆಗೆದುಬಿಟ್ಟರೆ ಅದಕ್ಕೆ ಎಲೆಯ ಆಕಾರವೇ ಬರಲ್ಲ, ಕೋಶಗಳ ಮುದ್ದೆಯಾಗಿ ಉಳಿಯುತ್ತೆ. ಎರಡು ಬಗೆಯ ಬ್ಯಾಕ್ಟೀರಿಯಾ ವಾಪಸ್ ಸೇರಿಸಿದರೆ ಸರಿಯಾಗಿ ಬೆಳೆಯುತ್ತೆ! ಥಾಲುಸಿನ್ ಅನ್ನೋ, ಬ್ಯಾಕ್ಟೀರಿಯಾ ತಯಾರಿಸೋ ರಾಸಾಯನಿಕಕ್ಕೆ ಇದರಲ್ಲಿ ದೊಡ್ಡ ಪಾತ್ರ.

ಇನ್ನು ಕಾವಲಿನ ವಿಷಯ. ಆಸ್ಟ್ರೇಲಿಯಾದ ಡೆಲಿಸಿಯಾ ಅನ್ನೋ ಕೆಂಪು ಪಾಚಿಗೂ ಬೆಳ್ಳಗಾಗೋ ರೋಗವಿದೆ. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಫಿಯೊಬ್ಯಾಕ್ಟರ್ ಕುಲದ ಬಿಎಸ್52 ಅನ್ನೋ ಬ್ಯಾಕ್ಟೀರಿಯಾವನ್ನ ಪಾಚಿಗೆ ಸೇರಿಸಿದಾಗ, ರೋಗ ತರೋ ಬ್ಯಾಕ್ಟೀರಿಯಾ ಬಂದರೂ ಬೆಳ್ಳಗಾಗೋ ಪಾಚಿಗಳು ಕಡಿಮೆಯಾದವು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡೀತೀವಲ್ಲ, ಒಳ್ಳೆಯ ಬ್ಯಾಕ್ಟೀರಿಯಾ ಕಾಯೋ ದಾರಿಗಳಲ್ಲಿ ಅದೂ ಒಂದು. ಜಾಗ ಮೊದಲೇ ಹಿಡಿದುಬಿಡೋದು. ಇನ್ನು ಕೆಲವು, ಪರರನ್ನ ಓಡಿಸೋ ರಾಸಾಯನಿಕಗಳನ್ನೂ ತಯಾರಿಸುತ್ತವೆ.

ಇಲ್ಲೊಂದು ಎಚ್ಚರಿಕೆ ಬೇಕು. ಅದೇ ಫಿಯೊಬ್ಯಾಕ್ಟರ್ ಕುಲದ ಇನ್ನೊಂದು ತಳಿ ಅದೇ ಡೆಲಿಸಿಯಾಗೆ ರೋಗ ತಂದಿದ್ದೂ ದಾಖಲಾಗಿದೆ. ಅಣ್ಣ ಪೊಲೀಸ್, ತಮ್ಮ ಕಳ್ಳ! ಹಾಗಾಗಿ ಬಾಟಲಿ ಮೇಲೆ 'ಒಳ್ಳೆಯ ಬ್ಯಾಕ್ಟೀರಿಯಾ' ಅಂತ ಚೀಟಿ ಅಂಟಿಸಿ ಮಾರೋಕೆ ಯಾರಾದರೂ ಬಂದರೆ ಯಾವ ತಳಿ, ಯಾವ ಪಾಚಿಯ ಮೇಲೆ, ಯಾವ ನೀರಲ್ಲಿ ಪರೀಕ್ಷೆ ಮಾಡಿದ್ರಿ ಅಂತ ಕೇಳಲೇಬೇಕು. ಲ್ಯಾಬ್‌ನ ತೊಟ್ಟಿ ಬೇರೆ, ಅಲೆ ಹೊಡೆಯೋ ಕಡಲು ಬೇರೆ. ಬಿತ್ತನೆ ತುಂಡುಗಳನ್ನ ದಡದಲ್ಲೇ ಬ್ಯಾಕ್ಟೀರಿಯಾ ದ್ರಾವಣದಲ್ಲಿ ಅದ್ದಿ ಆಮೇಲೆ ಕಟ್ಟೋದು ಒಂದು ದಾರಿ, ಆದರೆ 45 ದಿನ ಅದು ಮೈಮೇಲೆ ನಿಲ್ಲಬೇಕಲ್ಲ? ಬೇರೆ ದೇಶದ ಬ್ಯಾಕ್ಟೀರಿಯಾ ತಂದು ಸುರಿಯೋದಂತೂ ಬೇಡ. ಕಪ್ಪಾಫೈಕಸ್ಸೇ ಹೊರಗಿನದು, ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿ ತಲೆನೋವಾಗಿದ್ದು ಇನ್ನೂ ಹಳೇ ಕತೆಯಲ್ಲ.

2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲಪಾಚಿಗೆ ಅಂತಲೇ 640 ಕೋಟಿ ರೂಪಾಯಿ ಇಟ್ಟರು. ತೆಪ್ಪ, ಹಗ್ಗ ಎಣಿಸಿ ಲೆಕ್ಕ ತೋರಿಸೋದು ಸುಲಭ. ಬಿಸಿಲು ತಡೆದು ಬದುಕಿದ ನಾಲ್ಕು ಕೊಂಬೆಯನ್ನ ಮಂಡಪಂ ಕಡಲಿಂದಲೇ ತಂದು, ಅದರ ಮೈಮೇಲೆ ಯಾರಿದ್ದಾರೆ ಅಂತ ವರ್ಷಗಟ್ಟಲೆ ಹುಡುಕೋದು ಕಷ್ಟ. ನನ್ನ ಪ್ರಕಾರ ದುಡ್ಡು ಮೊದಲು ಹೋಗಬೇಕಿರೋದು ಆ ಕಷ್ಟದ ಕೆಲಸಕ್ಕೆ.