ನಿರಾಕರಣೆಯ ನಂತರ ಕೇಳಬೇಕಾದ ಪ್ರಶ್ನೆ

ಸಂದರ್ಶನಕ್ಕೆಂದು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬಂದ ಯುವಕನಿಗೆ ಕೆಲವು ದಿನಗಳ ಬಳಿಕ ಎರಡು ಸಾಲಿನ ಉತ್ತರ ಬರುತ್ತದೆ: ತಮ್ಮನ್ನು ಆಯ್ಕೆ ಮಾಡಲಾಗದುದಕ್ಕೆ ವಿಷಾದಿಸುತ್ತೇವೆ. ಕಾರಣದ ಸುಳಿವಿಲ್ಲ. "ನಾನು ಆಯ್ಕೆಯಾಗಲಿಲ್ಲ" ಎಂಬ ಸಂಗತಿಯಿಂದ "ನಾನು ಅಯೋಗ್ಯ" ಎಂಬ ನಿರ್ಣಯಕ್ಕೆ ಆತನ ಮನಸ್ಸು ಒಂದೇ ನೆಗೆತದಲ್ಲಿ ಹಾರುತ್ತದೆ. ತರ್ಕಶಾಸ್ತ್ರದ ಮೊದಲ ಪಾಠ ಓದಿದವನೂ ಈ ಅನುಮಾನವನ್ನು ಒಪ್ಪಲಾರ. ಇವೆರಡನ್ನು ಜೋಡಿಸಬೇಕಾದ ಕೊಂಡಿಯೇ, ಅಂದರೆ ಕಾರಣವೇ, ಅಲ್ಲಿಲ್ಲ.

ಆ ಕಾರಣ ಅಭ್ಯರ್ಥಿಯಲ್ಲಿ ಇಲ್ಲದೆಯೂ ಇರಬಹುದು. ಸಂಸ್ಥೆಯೊಳಗಿನವರಿಗೇ ಹುದ್ದೆ ದೊರೆತಿರಬಹುದು, ಹುದ್ದೆಯೇ ರದ್ದಾಗಿರಬಹುದು, ಸಮಾನ ಅರ್ಹತೆಯ ಇಬ್ಬರಲ್ಲಿ ಒಬ್ಬರನ್ನು ಆರಿಸಿರಬಹುದು. ಅಥವಾ ನಮ್ಮ ಉತ್ತರಗಳಲ್ಲಿಯೇ ಕೊರತೆ ಇದ್ದಿರಬಹುದು. ಊಹಿಸುತ್ತಾ ಕೊರಗುವುದಕ್ಕಿಂತ ಕೇಳಿ ತಿಳಿಯುವುದು ಲೇಸು.

ಸರಕಾರಿ ಹುದ್ದೆಗಳ ವಿಷಯದಲ್ಲಿ ಕಾನೂನಿನ ಆಸರೆಯಿದೆ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಬಂದ ಕೇರಳ ಲೋಕಸೇವಾ ಆಯೋಗದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ, ಅಭ್ಯರ್ಥಿಗೆ ಆತನ ಸಂದರ್ಶನದ ಅಂಕಗಳನ್ನು ನೀಡಬಹುದು, ಪರೀಕ್ಷಕರ ಹೆಸರುಗಳನ್ನಲ್ಲ ಎಂದು ತೀರ್ಪಿತ್ತಿತು. ಆದರೆ ಕಾಯಿದೆಯು ಕಡತದಲ್ಲಿರುವ ಮಾಹಿತಿಯನ್ನಷ್ಟೇ ಕೊಡಿಸಬಲ್ಲುದು. ಹೊಸದಾಗಿ ಅಭಿಪ್ರಾಯ ಬರೆಸಲಾರದು. ಅಂಕ ತಿಳಿದ ಮಾತ್ರಕ್ಕೆ ಕಾರಣ ತಿಳಿದಂತಾಗದು. ಖಾಸಗಿ ಸಂಸ್ಥೆಗಳಲ್ಲಂತೂ ನಮ್ಮ ಸೌಜನ್ಯವೇ ನಮಗಿರುವ ದಾರಿ.

ಕೇಳುವುದಕ್ಕೂ ಒಂದು ಕ್ರಮವಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು. ಆದುದರಿಂದ ಒಂದೆರಡು ದಿನ ತಡೆಯಬೇಕು. ಬಳಿಕ ನಮ್ಮೊಡನೆ ಪತ್ರವ್ಯವಹಾರ ನಡೆಸಿದವರಿಗೇ ನಾಲ್ಕು ಸಾಲು ಬರೆಯಬೇಕು. ಅವಕಾಶವಿತ್ತುದಕ್ಕೆ ಕೃತಜ್ಞತೆ ಮೊದಲು ಬರಲಿ. ತೀರ್ಮಾನವನ್ನು ಪ್ರಶ್ನಿಸುತ್ತಿಲ್ಲವೆಂಬುದು ಸ್ಪಷ್ಟವಾಗಿರಲಿ. "ನನ್ನನ್ನು ಏಕೆ ಬಿಟ್ಟಿರಿ?" ಎಂದು ಕೇಳಿದರೆ ಅದು ಜಗಳದ ಧ್ವನಿಯಾಗುತ್ತದೆ. "ಮತ್ತೆ ಅರ್ಜಿ ಸಲ್ಲಿಸುವ ಮುನ್ನ ಯಾವ ವಿಷಯದಲ್ಲಿ ನಾನು ಸುಧಾರಿಸಬೇಕು?" ಎಂದು ಕೇಳಿದರೆ ಉತ್ತರಿಸುವವನಿಗೂ ಸುಲಭ. ಒಂದೆರಡು ವಾರ ಕಳೆದರೂ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ ಸುಮ್ಮನಾಗಬೇಕು. ತಮ್ಮ ಮಾತು ನಾಳೆ ವಿವಾದವಾದೀತೆಂಬ ಭಯದಿಂದ ಮೌನವಾಗಿರುವ ಸಂಸ್ಥೆಗಳೂ ಉಂಟು.

ಉತ್ತರ ಬಂದರೆ ಅದರೊಡನೆ ವಾದಿಸಬಾರದು. ಹಾಗೆಂದು ಅದನ್ನು ವೇದವಾಕ್ಯವೆಂದೂ ಭಾವಿಸಬಾರದು. ಅದು ಅರ್ಧ ಗಂಟೆ ನಮ್ಮನ್ನು ಕಂಡವರ ಅಭಿಪ್ರಾಯ. ಆದರೆ ಮೂರು ಕಡೆ ಒಂದೇ ಮಾತು ಬಂದರೆ ಅದಕ್ಕೆ ಕಿವಿಗೊಡಲೇಬೇಕು. ಯಾರೂ ಉತ್ತರಿಸದಿದ್ದರೆ? ಸಂದರ್ಶನದ ದಿನವೇ ಸಂಜೆ, ಕೇಳಿದ ಪ್ರಶ್ನೆಗಳನ್ನೂ ತಾನಿತ್ತ ಉತ್ತರಗಳನ್ನೂ ಬರೆದಿಟ್ಟವನಿಗೆ ಆ ಪುಸ್ತಕವೇ ಗುರು. ಆ ಕ್ಷೇತ್ರ ಬಲ್ಲ ಹಿರಿಯರೊಬ್ಬರಿಗೆ ಅದನ್ನು ತೋರಿಸಿದರೆ ತಪ್ಪುಗಳು ತಾವಾಗಿಯೇ ಗೋಚರಿಸುತ್ತವೆ.

ಮೇಜಿನ ಆಚೆ ಬದಿಯಲ್ಲಿ ಕುಳಿತುಕೊಳ್ಳುವವರೂ ನಮ್ಮ ಓದುಗರಲ್ಲಿದ್ದಾರೆ. ಅವರಲ್ಲೊಂದು ವಿನಂತಿ. ನಿಮ್ಮ ಒಂದು ಪ್ರಾಮಾಣಿಕ ವಾಕ್ಯಕ್ಕೆ ಎರಡು ನಿಮಿಷವೂ ಬೇಡ. ಮುಂದಿನ ಸಂದರ್ಶನಕ್ಕೆ ಹೋಗಲೋ ಬೇಡವೋ ಎಂದು ಮನೆಯ ಮೂಲೆಯಲ್ಲಿ ಕುಳಿತು ಯೋಚಿಸುತ್ತಿರುವ ಒಂದು ಜೀವಕ್ಕೆ ಆ ವಾಕ್ಯ ಸಾಕಾಗಬಹುದು.