ನಿಸ್ತಂತು ಕೀಲಿಮಣೆ, ಮೌಸ್: ಬೆಲೆಗೆ ತಕ್ಕ ಉಪಯೋಗವಿದೆಯೇ?

ನಿಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಗೆ ಹೋಗಿ ಮೇಜುಗಳ ಹಿಂಭಾಗವನ್ನು ಒಮ್ಮೆ ನೋಡಿ. ಒಂದಕ್ಕೊಂದು ಹೆಣೆದುಕೊಂಡ ತಂತಿಗಳ ಗೋಜಲು ಕಾಣುತ್ತದೆ. ಕೆಲವು ಶಾಲೆಗಳಲ್ಲಿ ಮೌಸ್‌ನ ಬಾಲವನ್ನು ನಿಜವಾದ ಇಲಿಯೇ ಕಡಿದಿರುವುದೂ ಉಂಟು! ಇದನ್ನು ಕಂಡಾಗ, ತಂತಿಯೇ ಇಲ್ಲದ ಕೀಲಿಮಣೆ, ಮೌಸ್‌ಗಳನ್ನು ಕೊಂಡರೆ ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಂಗಡಿಗೆ ಹೋದರೆ ಇಂಥವು ಸಾಲಾಗಿ ಕಾಣಸಿಗುತ್ತವೆ. ತಂತಿಯಿರುವ ಒಂದು ಸಾಧಾರಣ ಜೊತೆಯ ಬೆಲೆಗಿಂತ ಐದು, ಹತ್ತು, ಇಪ್ಪತ್ತು ಪಟ್ಟು ಬೆಲೆಯವೂ ಇವೆ. ಈ ಹೆಚ್ಚಿನ ಹಣಕ್ಕೆ ನಮಗೆ ದೊರೆಯುವುದೇನು? ಶಾಲೆಯ ಹಣವಾಗಲಿ, ಸ್ವಂತದ್ದಾಗಲಿ, ಖರ್ಚು ಮಾಡುವ ಮೊದಲು ಈ ಸಾಧನಗಳ ಒಳಗೆ ನಡೆಯುವುದೇನೆಂದು ತಿಳಿದುಕೊಳ್ಳುವುದು ಒಳಿತು.

ಕೀಲಿ ಒತ್ತಿದಾಗ ಏನಾಗುತ್ತದೆ?

ಪೂರ್ಣ ಅಳತೆಯ ಕೀಲಿಮಣೆಯಲ್ಲಿ ಸುಮಾರು 104 ಕೀಲಿಗಳಿರುತ್ತವೆ. ಪ್ರತಿ ಕೀಲಿಗೂ ಪ್ರತ್ಯೇಕ ತಂತಿ ಎಳೆಯಬೇಕಿಲ್ಲ. 8 ಅಡ್ಡ ಸಾಲು, 16 ಉದ್ದ ಸಾಲುಗಳ ಜಾಲವನ್ನು ಕಲ್ಪಿಸಿಕೊಳ್ಳಿ. ಸಾಲುಗಳು ಕೂಡುವ ಜಾಗಗಳು 128. ಪ್ರತಿ ಕೀಲಿಯೂ ಇಂಥ ಒಂದು ಕೂಡುಜಾಗದಲ್ಲಿರುವ ಸ್ವಿಚ್ಚು. ಕೀಲಿಮಣೆಯೊಳಗಿನ ಪುಟ್ಟ ಸಂಸ್ಕಾರಕವು ಸಾಲುಗಳನ್ನು ಸತತವಾಗಿ ತಪಾಸಣೆ ಮಾಡುತ್ತ, ಯಾವ ಸ್ವಿಚ್ಚು ಮುಚ್ಚಿದೆ ಎಂದು ಕಂಡುಕೊಂಡು, ಆ ಕೀಲಿಯ ಸಂಖ್ಯೆಯನ್ನು ಗಣಕಕ್ಕೆ ಕಳಿಸುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೀಲಿಮಣೆ ಕಳಿಸುವುದು ಅಕ್ಷರವನ್ನಲ್ಲ, ಕೀಲಿಯ ಸಂಖ್ಯೆಯನ್ನು ಮಾತ್ರ. ಆ ಸಂಖ್ಯೆಗೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಗಣಕದಲ್ಲಿರುವ ತಂತ್ರಾಂಶ. ‘ಎಂ’ ಕೀಲಿಯನ್ನು ಒತ್ತಿದಾಗ ‘ನುಡಿ’ ತಂತ್ರಾಂಶದ ವಿನ್ಯಾಸದಲ್ಲಿ ‘ಮ’ ಬರುತ್ತದೆ. ಅದೇ ಕೀಲಿ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಸ’ ಕೊಡುತ್ತದೆ. ಆದ್ದರಿಂದ ಕನ್ನಡ ಟೈಪ್ ಮಾಡಲು ವಿಶೇಷ ಕೀಲಿಮಣೆಗೆ ಹೆಚ್ಚು ಹಣ ತೆರಬೇಕಾದ ಅಗತ್ಯವಿಲ್ಲ. ಯಾವ ಕೀಲಿಮಣೆಯಾದರೂ ಸರಿಯೇ.

ತಂತಿಯ ಬದಲು ಅಲೆ

ತಂತಿಯನ್ನು ಕಿತ್ತುಹಾಕುವ ಆಸೆ ಹೊಸದಲ್ಲ. 1983ರಲ್ಲಿ ಐಬಿಎಂ ಸಂಸ್ಥೆ ಪ್ರಕಟಿಸಿದ ‘ಪಿಸಿ ಜೂನಿಯರ್’ ಗಣಕದ ಕೀಲಿಮಣೆಗೆ ತಂತಿಯಿರಲಿಲ್ಲ. ಟಿವಿಯ ರಿಮೋಟ್‌ನಂತೆ ಅದು ಅವಕೆಂಪು ಕಿರಣಗಳನ್ನು ಬಳಸುತ್ತಿತ್ತು. ಕಿರಣದ ದಾರಿಗೆ ಪುಸ್ತಕವೋ ಕೈಯೋ ಅಡ್ಡ ಬಂದರೆ ಸಂದೇಶ ತಲುಪುತ್ತಿರಲಿಲ್ಲ. ಒಂದೇ ಕೊಠಡಿಯಲ್ಲಿ ಇಂಥ ಹಲವು ಗಣಕಗಳಿದ್ದರೆ ಒಬ್ಬರ ಟೈಪಿಂಗ್ ಮತ್ತೊಬ್ಬರ ಗಣಕವನ್ನು ತಲುಪುವ ತೊಂದರೆಯೂ ಇತ್ತು. ಕೊನೆಗೆ ತಂತಿಯಿಲ್ಲದ ಕೀಲಿಮಣೆಗೆ ತಂತಿಯನ್ನು ಬೇರೆಯಾಗಿ ಮಾರಬೇಕಾಯಿತು!

ಅನಂತರ ಬಂದದ್ದು ರೇಡಿಯೊ ಅಲೆ. ಮೊದಲು 27 ಮೆಗಾಹರ್ಟ್ಸ್ ಆವೃತ್ತಿಯ ಸಾಧನಗಳು, ಈಗ ಬಹುಪಾಲು 2.4 ಗಿಗಾಹರ್ಟ್ಸ್‌ನವು. ಈ ಆವೃತ್ತಿಯ ಅಲೆಯ ತರಂಗದೂರ ಸುಮಾರು 12.5 ಸೆಂಟಿಮೀಟರ್. 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿ ಬೇಕಿಲ್ಲವೆಂದು ಭಾರತ ಸರ್ಕಾರ 2005ರಲ್ಲಿ ನಿಯಮ ಹೊರಡಿಸಿತು. ಪರವಾನಗಿ ಬೇಡವೆಂದ ಮೇಲೆ ಅಲ್ಲಿ ಸಂತೆಯೇ ನೆರೆಯುತ್ತದೆ. ವೈ-ಫೈ, ಬ್ಲೂಟೂತ್, ಮೈಕ್ರೊವೇವ್ ಒಲೆ ಎಲ್ಲವೂ ಅಲ್ಲೇ.

ಈ ಗದ್ದಲದಲ್ಲಿ ಮಾತು ಕೇಳಿಸಬೇಕಾದರೆ ಒಂದು ಉಪಾಯ ಬೇಕು. ಮೊದಲಿನ ಬ್ಲೂಟೂತ್ ವಿಧಾನವು ಈ ಪಟ್ಟಿಯನ್ನು 79 ಕಾಲುವೆಗಳಾಗಿ ವಿಭಜಿಸಿ, ಸೆಕೆಂಡಿಗೆ 1,600 ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಒಂದು ಕಾಲುವೆಯಲ್ಲಿ ಅಡಚಣೆಯಾದರೆ ಮುಂದಿನದರಲ್ಲಿ ಸಂದೇಶ ದಾಟುತ್ತದೆ. 2010ರಲ್ಲಿ ಬಂದ ಮಿತಶಕ್ತಿಯ ಬ್ಲೂಟೂತ್ 40 ಕಾಲುವೆಗಳನ್ನು ಬಳಸುತ್ತದೆ.

ಅಂಗಡಿಯಲ್ಲಿ ನಿಮಗೆ ಎರಡು ಬಗೆಯವು ಸಿಗುತ್ತವೆ. ಒಂದು, ಉಗುರಿನಷ್ಟು ದೊಡ್ಡ ಗ್ರಾಹಕವನ್ನು ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವಂಥದು. ಇನ್ನೊಂದು, ಗಣಕದೊಳಗಿನ ಬ್ಲೂಟೂತನ್ನೇ ಬಳಸುವಂಥದು. ಗ್ರಾಹಕವಿರುವುದು ಸಿಕ್ಕಿಸಿದ ಕೂಡಲೇ ಕೆಲಸ ಮಾಡುತ್ತದೆ. ಆದರೆ ಆ ಪುಟ್ಟ ತುಂಡು ಕಳೆದುಹೋದರೆ ಎಷ್ಟೋ ಅಗ್ಗದ ಮಾದರಿಗಳಲ್ಲಿ ಮೌಸ್ ಸಹ ನಿರುಪಯುಕ್ತ. ಬ್ಲೂಟೂತ್‌ನಲ್ಲಿ ಕಳೆಯುವ ಭಯವಿಲ್ಲ, ಒಂದು ಕಿಂಡಿಯೂ ಉಳಿಯುತ್ತದೆ. ಆದರೆ ಕಾರ್ಯಾಚರಣಾ ವ್ಯವಸ್ಥೆ ಆರಂಭವಾಗುವ ಮುನ್ನ ಅನೇಕ ಗಣಕಗಳಲ್ಲಿ ಬ್ಲೂಟೂತ್ ಕೀಲಿಮಣೆ ಸ್ಪಂದಿಸುವುದಿಲ್ಲ. ಗಣಕ ಕೆಟ್ಟಾಗ ದುರಸ್ತಿಗೆ ಕೂರುವ ಶಿಕ್ಷಕರಿಗೆ ಆಗ ತಂತಿಯ ಕೀಲಿಮಣೆಯೇ ಗತಿ.

ತಂತಿಯಿಲ್ಲದ್ದು ನಿಧಾನವೇ?

ಸಾಧಾರಣ ಮೌಸನ್ನು ಗಣಕವು ಸೆಕೆಂಡಿಗೆ 125 ಸಲ ‘ಏನಾದರೂ ಸುದ್ದಿಯಿದೆಯೇ?’ ಎಂದು ವಿಚಾರಿಸುತ್ತದೆ. ಅಂದರೆ 8 ಮಿಲಿಸೆಕೆಂಡಿಗೊಮ್ಮೆ. ದುಬಾರಿ ಆಟದ ಮೌಸ್‌ಗಳಲ್ಲಿ ಇದು ಸೆಕೆಂಡಿಗೆ 1,000 ಸಲ ಅಥವಾ ಅದಕ್ಕೂ ಹೆಚ್ಚು. ಈಗ ಬೇರೆ ಎರಡು ಅಂಕಿಗಳನ್ನು ನೋಡಿ. ಸೆಕೆಂಡಿಗೆ 60 ಚಿತ್ರ ತೋರಿಸುವ ಪರದೆ ಬದಲಾಗಲು ಸುಮಾರು 17 ಮಿಲಿಸೆಕೆಂಡು ಬೇಕು. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ 200 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಹೀಗಿರುವಾಗ ಅಂಕಪಟ್ಟಿ ತುಂಬಲು, ಪಾಠದ ಟಿಪ್ಪಣಿ ಬರೆಯಲು ಏಳು ಮಿಲಿಸೆಕೆಂಡಿನ ಉಳಿತಾಯಕ್ಕೆ ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಆದರೂ ಕೆಲವೊಮ್ಮೆ ನಿಸ್ತಂತು ಮೌಸ್ ತಡವರಿಸುತ್ತದೆ. ಇದಕ್ಕೆ ಕಾರಣ ಬಹುತೇಕ ಮೌಸ್ ಅಲ್ಲ, ಅದರ ನೆರೆಹೊರೆ. ಯುಎಸ್‌ಬಿ 3.0 ಸಾಧನಗಳು ಕೆಲಸ ಮಾಡುವಾಗ ಹೊಮ್ಮಿಸುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ ಆವರಿಸುತ್ತದೆ ಎಂದು ಇಂಟೆಲ್ ಸಂಸ್ಥೆ 2012ರಲ್ಲಿ ವಿವರಿಸಿತ್ತು. ನೀವೇ ಪ್ರಯೋಗ ಮಾಡಿ ನೋಡಬಹುದು. ಗ್ರಾಹಕದ ಪಕ್ಕದ ಕಿಂಡಿಗೆ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಸಿಕ್ಕಿಸಿ ದೊಡ್ಡ ಕಡತವೊಂದನ್ನು ನಕಲಿಸಿ. ಮೌಸನ್ನು ಕ್ರಮೇಣ ದೂರ ಒಯ್ಯುತ್ತ, ಎಷ್ಟು ದೂರದಲ್ಲಿ ತಡವರಿಸತೊಡಗುತ್ತದೆಂದು ಗುರುತಿಸಿ. ಅನಂತರ ಗ್ರಾಹಕವನ್ನು ಸಣ್ಣ ವಿಸ್ತರಣಾ ತಂತಿಯ ತುದಿಗಿಟ್ಟು ಮತ್ತೆ ಅಳೆಯಿರಿ. ಹೊಸ ಮೌಸ್ ಕೊಳ್ಳುವ ಖರ್ಚು ಒಂದಡಿ ತಂತಿಯಲ್ಲಿ ತಪ್ಪಬಹುದು!

ದೊಡ್ಡ ಅಂಕಿಯ ಮೋಹ

ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸಾನ್ ಫ್ರಾನ್ಸಿಸ್ಕೋದಲ್ಲಿ ಸಾರ್ವಜನಿಕವಾಗಿ ತೋರಿಸಿದ ಮೌಸ್ ಚಕ್ರಗಳ ಮೇಲೆ ಓಡುತ್ತಿತ್ತು. ಇಂದಿನ ಮೌಸ್‌ನ ಹೊಟ್ಟೆಯಲ್ಲಿ ಇರುವುದು ಪುಟ್ಟ ಕ್ಯಾಮೆರಾ. ಅದು ಮೇಜಿನ ಮೇಲ್ಮೈಯನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಸೆರೆಹಿಡಿದು, ಒಂದು ಚಿತ್ರದಿಂದ ಮುಂದಿನದಕ್ಕೆ ಉಬ್ಬುತಗ್ಗುಗಳು ಎಷ್ಟು ಸರಿದಿವೆ ಎಂದು ಲೆಕ್ಕ ಹಾಕುತ್ತದೆ. ನಯವಾದ ಗಾಜಿನಲ್ಲಿ ಗುರುತುಗಳಿಲ್ಲದ ಕಾರಣ ಸಾಧಾರಣ ಮೌಸ್ ಅಲ್ಲಿ ಸೋಲುತ್ತದೆ. ಕೆಲವು ದುಬಾರಿ ಮೌಸ್‌ಗಳು ಗಾಜಿನ ಮೇಲೂ ಕೆಲಸ ಮಾಡುತ್ತವೆ. ಇದು ನಿಜವಾದ ವ್ಯತ್ಯಾಸ. ಆದರೆ ಒಂದು ಹಾಳೆಯನ್ನು ಮೌಸ್ ಕೆಳಗಿಟ್ಟರೂ ಆ ಕೊರತೆ ನೀಗುತ್ತದೆ.

ಪೆಟ್ಟಿಗೆಯ ಮೇಲೆ ‘16,000 ಡಿಪಿಐ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಮೌಸ್ ಒಂದು ಅಂಗುಲ ಸರಿದರೆ ಎಷ್ಟು ಹೆಜ್ಜೆಗಳನ್ನು ವರದಿ ಮಾಡುತ್ತದೆ ಎಂಬುದೇ ಈ ಅಂಕಿ. 1,920 ಬಿಂದುಗಳಷ್ಟು ಅಗಲದ ಪರದೆಯನ್ನು ತೆಗೆದುಕೊಳ್ಳೋಣ. ಹೆಜ್ಜೆಗೊಂದು ಬಿಂದುವಾದರೆ, 1,000 ಡಿಪಿಐ ಮೌಸನ್ನು ಸುಮಾರು 4.9 ಸೆಂಟಿಮೀಟರ್ ಸರಿಸಿದಾಗ ಬಾಣ ಪರದೆಯ ಒಂದಂಚಿನಿಂದ ಇನ್ನೊಂದಂಚಿಗೆ ಹೋಗುತ್ತದೆ. ಇದು ಕೈಗೆ ಹಿತ. 16,000 ಡಿಪಿಐನಲ್ಲಿ ಅದೇ ಕೆಲಸಕ್ಕೆ ಕೇವಲ 3 ಮಿಲಿಮೀಟರ್! ಬೆರಳು ನಡುಗಿದರೂ ಬಾಣ ಓಡಿಹೋಗುತ್ತದೆ. ದಿನದ ಕೆಲಸಕ್ಕೆ 1,000ದ ಆಸುಪಾಸು ಧಾರಾಳ.

ಒಂದು ನಿದರ್ಶನ

ದುಬಾರಿ ಸಾಧನಗಳ ಒಳಿತು ಕೆಡುಕುಗಳನ್ನು ಅರಿಯಲು 2015ರ ಅಕ್ಟೋಬರಿನಲ್ಲಿ ಆ್ಯಪಲ್ ಸಂಸ್ಥೆ ಬಿಡುಗಡೆ ಮಾಡಿದ ಮೂರು ವಸ್ತುಗಳನ್ನು ನೋಡೋಣ. ಅಮೆರಿಕದಲ್ಲಿ ಕೀಲಿಮಣೆಗೆ 99 ಡಾಲರ್, ಮೌಸ್‌ಗೆ 79, ಟ್ರ್ಯಾಕ್‌ಪ್ಯಾಡ್‌ಗೆ 129 ಡಾಲರ್ ಬೆಲೆಯಿತ್ತು. ಇವುಗಳ ಹಿಂದಿನ ಮಾದರಿಗಳು ತಲಾ 69 ಡಾಲರಿಗೆ ಸಿಗುತ್ತಿದ್ದವು. ಹೆಚ್ಚಿನ ಹಣಕ್ಕೆ ಬಂದದ್ದೇನು? ಮುಖ್ಯವಾಗಿ, ಬಿಡಿ ಕೋಶಗಳ ಬದಲು ಒಳಗೇ ಕೂರಿಸಿದ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಅಯಾನು ಕೋಶ.

ಮೂರರಲ್ಲಿ ಹೆಚ್ಚು ಸ್ವಾರಸ್ಯವಿದ್ದದ್ದು ಟ್ರ್ಯಾಕ್‌ಪ್ಯಾಡ್. ಇದು ಬೆರಳಿನ ಸ್ಪರ್ಶವನ್ನು ಧಾರಕತೆಯ ಬದಲಾವಣೆಯಿಂದ ಗುರುತಿಸುತ್ತದೆ. ನಮ್ಮ ದೇಹ ವಿದ್ಯುದ್ವಾಹಕವಾದ್ದರಿಂದ ಬೆರಳು ಬಂದ ಜಾಗದಲ್ಲಿ ವಿದ್ಯುತ್ ಕ್ಷೇತ್ರ ಬದಲಾಗುತ್ತದೆ. ಹೊಸ ಮಾದರಿಯ ಫಲಕ ಒತ್ತಿದಾಗ ಕೆಳಕ್ಕೆ ಇಳಿಯುವುದೇ ಇಲ್ಲ. ಒತ್ತಡ ಸಂವೇದಕಗಳು ಬಲವನ್ನು ಅಳೆಯುತ್ತವೆ, ವಿದ್ಯುತ್ಕಾಂತವೊಂದು ಫಲಕವನ್ನು ಕ್ಷಣಮಾತ್ರ ಕಂಪಿಸುತ್ತದೆ. ಬೆರಳಿಗೆ ಮಾತ್ರ ‘ಕ್ಲಿಕ್’ ಎಂದು ಗುಂಡಿ ಒತ್ತಿದಂತೆಯೇ ಅನ್ನಿಸುತ್ತದೆ! ಚಿತ್ರ, ಧ್ವನಿ ಸಂಪಾದನೆಯ ಕೆಲಸದಲ್ಲಿ ದಿನವಿಡೀ ತೊಡಗಿರುವವರಿಗೆ ಹಲವು ಬೆರಳುಗಳ ಸನ್ನೆಗಳಿಂದ ಅನುಕೂಲವಾಗುತ್ತದೆ. ಆದರೆ ಈ ಸನ್ನೆಗಳು ಪೂರ್ಣವಾಗಿ ಫಲಿಸುವುದು ಆ ಸಂಸ್ಥೆಯ ಗಣಕಗಳಲ್ಲೇ.

ಮೌಸ್‌ನ ಕತೆ ಬೇರೆ. ಅದರ ಚಾರ್ಜಿಂಗ್ ಕಿಂಡಿ ತಳಭಾಗದಲ್ಲಿದೆ. ಚಾರ್ಜ್ ಆಗುವಾಗ ಮೌಸನ್ನು ಮಗುಚಿದ ಆಮೆಯಂತೆ ಮಲಗಿಸಬೇಕು, ಆಗ ಕೆಲಸ ನಿಲ್ಲುತ್ತದೆ. ಎರಡು ನಿಮಿಷದ ಚಾರ್ಜಿನಿಂದ ಒಂಬತ್ತು ಗಂಟೆ ನಡೆಯುತ್ತದೆ ಎಂಬುದು ಸಂಸ್ಥೆಯ ಸಮಾಧಾನ. 2024ರಲ್ಲಿ ಕಿಂಡಿಯ ಬಗೆ ಬದಲಾಯಿತು, ಜಾಗ ಬದಲಾಗಲಿಲ್ಲ. ಬೆಲೆ ಹೆಚ್ಚಾದ ಮಾತ್ರಕ್ಕೆ ವಿನ್ಯಾಸ ಉತ್ತಮವಾಗಿರಬೇಕೆಂದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಕೋಶದ ಲೆಕ್ಕ

ಪೆನ್ ಟಾರ್ಚಿಗೆ ಹಾಕುವ ‘ಡಬಲ್ ಎ’ ಅಳತೆಯ ಒಂದು ಕ್ಷಾರೀಯ ಕೋಶದ ಸಾಮರ್ಥ್ಯ ಸುಮಾರು 2,500 ಮಿಲಿಆಂಪಿಯರ್-ಗಂಟೆ. ಮೌಸ್ ಸರಾಸರಿ 1 ಮಿಲಿಆಂಪಿಯರ್ ಸೆಳೆಯುತ್ತದೆಂದು ಇಟ್ಟುಕೊಂಡರೆ 2,500 ಗಂಟೆ, ದಿನಕ್ಕೆ ಆರು ಗಂಟೆಯಂತೆ ಒಂದು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಅದು ಮುಗಿದಾಗ ಯಾವ ಊರಿನ ಅಂಗಡಿಯಲ್ಲೂ ಇನ್ನೊಂದು ಸಿಗುತ್ತದೆ. ಒಳಗೇ ಕೂರಿಸಿದ ಲಿಥಿಯಂ ಕೋಶವಾದರೆ ಮತ್ತೆ ಮತ್ತೆ ಕೊಳ್ಳುವ ತಾಪತ್ರಯವಿಲ್ಲ. ಆದರೆ ಕೆಲವು ವರ್ಷಗಳ ನಂತರ ಅದರ ಸಾಮರ್ಥ್ಯ ಕುಂದಿದಾಗ ಬದಲಾಯಿಸುವುದು ಕಷ್ಟ. ಚೆನ್ನಾಗಿರುವ ಕೀಲಿಮಣೆಯೂ ಕೋಶದ ಜೊತೆಗೆ ಕಸಕ್ಕೆ ಸೇರುತ್ತದೆ. ಹಳೆಯ ಕೋಶಗಳನ್ನು ಉತ್ಪಾದಕರೇ ಮರಳಿ ಸಂಗ್ರಹಿಸುವ ಹೊಣೆಯನ್ನು ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿವೆ. ಅವುಗಳನ್ನು ತಿಪ್ಪೆಗೆ ಎಸೆಯಬಾರದು.

ಗಾಳಿಯಲ್ಲಿ ತೇಲುವ ಗುಟ್ಟು

ಇಲ್ಲಿಯವರೆಗೆ ಹೇಳಿದ್ದು ಅನುಕೂಲದ ಮಾತು. ಇನ್ನು ಹೇಳುವುದು ಅಪಾಯದ ಮಾತು. ತಂತಿಯಲ್ಲಿ ಹರಿಯುವ ಸಂದೇಶ ಮೇಜಿನ ಮೇಲೆಯೇ ಉಳಿಯುತ್ತದೆ. ರೇಡಿಯೊ ಅಲೆ ಗೋಡೆಯನ್ನೂ ದಾಟುತ್ತದೆ. ನೀವು ಟೈಪ್ ಮಾಡುವ ಬ್ಯಾಂಕಿನ ಗುಪ್ತಪದ, ಪರೀಕ್ಷೆಯ ಪ್ರಶ್ನೆಪತ್ರಿಕೆ, ವಿದ್ಯಾರ್ಥಿಗಳ ಅಂಕಗಳು ಎಲ್ಲವೂ ಆ ಅಲೆಯಲ್ಲಿರುತ್ತವೆ.

ಇದನ್ನು ತಡೆಯಲು ಸಂದೇಶವನ್ನು ಗೂಢಲಿಪಿಗೆ ಬದಲಿಸುತ್ತಾರೆ. ಆದರೆ ಎಲ್ಲ ಗೂಢಲಿಪಿಗಳೂ ಸಮನಲ್ಲ. ಕೆಲವು 27 ಮೆಗಾಹರ್ಟ್ಸ್ ಕೀಲಿಮಣೆಗಳು ‘ಎಕ್ಸ್-ಆರ್’ ಕ್ರಿಯೆಯನ್ನಷ್ಟೇ ಬಳಸುತ್ತಿದ್ದವು. ಕೀಲಿಯ ಸಂಖ್ಯೆ 00000100, ಗುಟ್ಟಿನ ಸಂಖ್ಯೆ 10110010 ಎಂದಿಟ್ಟುಕೊಳ್ಳಿ. ಎರಡರ ಎಕ್ಸ್-ಆರ್ 10110110. ಇದು ಗಾಳಿಯಲ್ಲಿ ಹೋಗುತ್ತದೆ. ಗ್ರಾಹಕವು ಅದೇ ಗುಟ್ಟಿನ ಸಂಖ್ಯೆಯೊಂದಿಗೆ ಮತ್ತೆ ಎಕ್ಸ್-ಆರ್ ಮಾಡಿದರೆ ಮೂಲ ಸಂಖ್ಯೆ ಮರಳುತ್ತದೆ. ಉಪಾಯ ಚೆನ್ನಾಗಿದೆ, ಆದರೆ ಎಂಟು ಬಿಟ್‌ಗಳ ಗುಟ್ಟಿಗೆ ಇರುವ ಸಾಧ್ಯತೆಗಳು ಕೇವಲ 256. ಅಷ್ಟನ್ನೂ ಪರೀಕ್ಷಿಸಲು ಗಣಕಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. 2007ರಲ್ಲಿ ಸ್ವಿಟ್ಜರ್‌ಲೆಂಡಿನ ಇಬ್ಬರು ತಜ್ಞರು ಇದನ್ನು ಮಾಡಿ ತೋರಿಸಿದರು. 2016ರಲ್ಲಿ ಅಮೆರಿಕದ ಬ್ಯಾಸ್ಟಿಲ್ ಸಂಸ್ಥೆಯ ಸಂಶೋಧಕರು, ಎಂಟು ತಯಾರಕರ ಅಗ್ಗದ ಕೀಲಿಮಣೆಗಳು ಯಾವ ಗೂಢಲಿಪಿಯನ್ನೂ ಬಳಸದೆ ಸಂದೇಶ ಕಳಿಸುತ್ತಿರುವುದನ್ನು ಪತ್ತೆಹಚ್ಚಿದರು.

ಈಗಿನ ಉತ್ತಮ ಸಾಧನಗಳಲ್ಲಿ 128 ಬಿಟ್‌ಗಳ ‘ಎಇಎಸ್’ ಗೂಢಲಿಪಿ ಇರುತ್ತದೆ. ಇದರ ಸಾಧ್ಯತೆಗಳ ಸಂಖ್ಯೆ 39 ಅಂಕಿಗಳಷ್ಟು ಉದ್ದ! ನಿಸ್ತಂತು ಕೀಲಿಮಣೆಗೆ ಹೆಚ್ಚು ಹಣ ಕೊಡಲು ಒಪ್ಪಬಹುದಾದ ಬಲವಾದ ಕಾರಣ ಇದೇ. ಆದರೂ ಬೆಲೆಯೇ ರಕ್ಷಣೆಯಲ್ಲ. 2023ರ ಡಿಸೆಂಬರಿನಲ್ಲಿ ಬ್ಲೂಟೂತ್ ತಂತ್ರಾಂಶಗಳಲ್ಲಿ ದೋಷವೊಂದು ಬಹಿರಂಗವಾಯಿತು. ಹತ್ತಿರದಲ್ಲಿರುವ ಅಪರಿಚಿತನು ತನ್ನ ಸಾಧನವನ್ನು ಕೀಲಿಮಣೆಯೆಂದು ನಂಬಿಸಿ, ಬೇರೆಯವರ ಗಣಕ ಅಥವಾ ಮೊಬೈಲಿಗೆ ಆದೇಶ ಕಳಿಸಬಹುದಾಗಿತ್ತು. ತಯಾರಕರು ತಿದ್ದುಪಡಿಗಳನ್ನು ಹೊರತಂದರು. ಅವನ್ನು ಅಳವಡಿಸಿಕೊಂಡವರಿಗೆ ಮಾತ್ರ ರಕ್ಷಣೆ.

ಹಾಗಾದರೆ ಕೊಳ್ಳಬೇಕೆ?

ಶಾಲೆಯ ಕಂಪ್ಯೂಟರ್ ಕೊಠಡಿಗಾದರೆ ತಂತಿಯವೇ ಸರಿ. ಇಪ್ಪತ್ತು ಮೌಸ್, ಇಪ್ಪತ್ತು ಗ್ರಾಹಕ, ಇಪ್ಪತ್ತು ಕೋಶಗಳ ಲೆಕ್ಕ ಇಡುವುದು ಶಿಕ್ಷಕರಿಗೆ ಹೊಸ ಹೊರೆ. ಉಳಿದ ಹಣದಲ್ಲಿ ಇನ್ನಷ್ಟು ಮಕ್ಕಳ ಕೈಗೆ ಕೀಲಿಮಣೆ ಸಿಗುತ್ತದೆ. ಪ್ರೊಜೆಕ್ಟರ್ ಇರುವ ತರಗತಿಗೆ ಒಂದು ನಿಸ್ತಂತು ಮೌಸ್ ಉಪಯುಕ್ತ. ಶಿಕ್ಷಕರು ಮಕ್ಕಳ ನಡುವೆ ಓಡಾಡುತ್ತ ಪಾಠ ಮಾಡಬಹುದು, ಅದಕ್ಕೆ ಅಗ್ಗದ್ದೇ ಸಾಕು. ಲ್ಯಾಪ್‌ಟಾಪಿನಲ್ಲಿ ಗಂಟೆಗಟ್ಟಲೆ ಬರೆಯುವವರು ಬೇರೆ ಕೀಲಿಮಣೆಯೊಂದನ್ನು ಕೊಂಡು, ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿದರೆ ಕುತ್ತಿಗೆಗೆ ಹಿತ. ಈ ಹಿತ ಬರುವುದು ಎತ್ತರದಿಂದ, ತಂತಿಯಿಲ್ಲದ್ದರಿಂದ ಅಲ್ಲ. ಗುಪ್ತಪದ, ಪ್ರಶ್ನೆಪತ್ರಿಕೆಗಳ ಕೆಲಸಕ್ಕೆ ತಂತಿಯ ಕೀಲಿಮಣೆಯನ್ನೇ ಬಳಸಿ. ನಿಸ್ತಂತುವೇ ಬೇಕೆಂದರೆ ವಿವರಪಟ್ಟಿಯಲ್ಲಿ ಎಇಎಸ್ ಅಥವಾ ಬ್ಲೂಟೂತ್ ಎಂದಿದೆಯೇ ನೋಡಿ.

ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಂದು ಪುಟದಷ್ಟು ಟೈಪ್ ಮಾಡಿ, ಮೌಸನ್ನು ಹಿಡಿದು ನೋಡಿ. ಕೀಲಿಯ ಸ್ಪರ್ಶ, ಅಂಗೈಗೆ ಹೊಂದುವ ಆಕಾರ ಇವು ಯಾವ ಪೆಟ್ಟಿಗೆಯ ಮೇಲೂ ಅಂಕಿಯಾಗಿ ಅಚ್ಚಾಗಿರುವುದಿಲ್ಲ. ವರ್ಷಗಟ್ಟಲೆ ದುಡಿಯಬೇಕಾದದ್ದು ನಿಮ್ಮ ಬೆರಳುಗಳು. ಅವುಗಳ ಅಭಿಪ್ರಾಯವನ್ನೂ ಕೇಳಿ.