ಎಣ್ಣೆಯ ಹಿಡಿತ, ಅಗುಳಿಯ ಹಿಡಿತ

ಮೇಜಿನ ಮೇಲೆ ಎರಡು ವಿದ್ಯುತ್ ಬೀಸಣಿಗೆಗಳನ್ನು ಎದುರುಬದುರಾಗಿಟ್ಟು ಒಂದನ್ನು ಮಾತ್ರ ತಿರುಗಿಸಿ. ಅದು ನೂಕಿದ ಗಾಳಿಗೆ ಎರಡನೆಯದೂ ಮೆಲ್ಲನೆ ಸುತ್ತತೊಡಗುತ್ತದೆ. ಎರಡನೆಯದು ಯಾವುದಕ್ಕೋ ತಡೆದು ನಿಂತರೂ ಮೊದಲನೆಯದರ ಓಟಕ್ಕೆ ಭಂಗವಿಲ್ಲ. ಗಾಳಿಯ ಬದಲು ಎಣ್ಣೆ ತುಂಬಿ, ಎರಡು ಬೀಸಣಿಗೆಗಳನ್ನೂ ಉಕ್ಕಿನ ಒಂದೇ ಡಬ್ಬಿಯೊಳಗೆ ಮುಚ್ಚಿಬಿಟ್ಟಿರೆಂದು ಇಟ್ಟುಕೊಳ್ಳಿ. ಒಂದು ಎಂಜಿನ್ನಿಗೆ ಅಂಟಿಕೊಂಡದ್ದು, ಇನ್ನೊಂದು ಗೇರುಪೆಟ್ಟಿಗೆಯ ದಂಡಕ್ಕೆ ಸೇರಿದ್ದು. ನಡುವೆ ಇರುವುದು ಎಣ್ಣೆಯ ನಂಟು ಮಾತ್ರ. ಕ್ಲಚ್ಚಿನ ಪೆಡಲೇ ಇಲ್ಲದ ಬಂಡಿ ಬ್ರೇಕು ಒತ್ತಿ ನಿಂತಾಗಲೂ ಎಂಜಿನ್ ಆರದೆ ಗುನುಗುತ್ತಿರುವುದು ಇದರಿಂದಲೇ. (ಈಗ ನಮ್ಮ ರಸ್ತೆಗಳಲ್ಲಿ ಓಡುವ ಕ್ಲಚ್ಚಿಲ್ಲದ ಕಾರುಗಳೆಲ್ಲ ಈ ಜಾತಿಯವಲ್ಲ. ಹಲವುದರಲ್ಲಿ ಎಂದಿನ ಕ್ಲಚ್ಚೇ ಇದ್ದು, ಕಾಲಿನ ಬದಲು ಯಂತ್ರವೊಂದು ಅದನ್ನು ಒತ್ತುತ್ತದೆ.)

ಈ ಡಬ್ಬಿಗೆ ಟಾರ್ಕ್ ಕನ್ವರ್ಟರ್ ಎಂದು ಹೆಸರು. ಟಾರ್ಕ್ ಎಂಬುದು ತಿರುಚು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಮಾತು. ತಿರುಚುಬಲ ಎಂದರೆ ನಮಗೆ ಸಾಕು. ಬೀಸುಕಲ್ಲಿನ ಗೂಟ ಹಿಡಿದು ಬಲ್ಲ ಕೈಗೆ ಅದರ ಪರಿಚಯ ಉಂಟು. ಎರಡು ಚಕ್ರಗಳ ನಡುವೆ ಮೂರನೆಯದೊಂದು ಸಣ್ಣ ಚಕ್ರವಿದ್ದು, ಕೆಲಸ ಮುಗಿಸಿ ಹಿಂದಿರುಗುವ ಎಣ್ಣೆಯನ್ನು ಎಂಜಿನ್ನಿನ ಚಕ್ರಕ್ಕೆ ಅಡ್ಡಬಾರದಂತೆ, ಬೆನ್ನಿಗೆ ಒತ್ತಾಸೆಯಾಗುವಂತೆ ತಿರುಗಿಸಿ ಕಳುಹಿಸುತ್ತದೆ. ಆದ್ದರಿಂದ ಬಂಡಿ ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ತಿರುಚುಬಲ ಹೆಚ್ಚುಕಡಮೆ ಇಮ್ಮಡಿಯಾಗಿ ದಾಟುತ್ತದೆ. ಇದನ್ನು ಕಂಡುಹಿಡಿದ ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಪೇಟೆಂಟು ಪಡೆದ. ಆಗ ಅವನು ಸ್ಟೆಟಿನ್ ನಗರದ ಹಡಗುಕಟ್ಟೆಯಲ್ಲಿದ್ದ. ಬಲು ವೇಗದ ಉಗಿ ಟರ್ಬೈನಿಗೂ ನಿಧಾನವಾಗಿ ತಿರುಗಬೇಕಾದ ಹಡಗಿನ ತಿರುಪಿಗೂ ಹೊಂದಿಕೆ ಮಾಡುವುದು ಅವನ ಚಿಂತೆ. ರಸ್ತೆಯ ಬಂಡಿಗೆ ಇದು ಇಳಿದುಬಂದದ್ದು ಆಮೇಲೆ.

ಎಣ್ಣೆಯ ನಂಟು ಮೃದು, ನಿಜ. ಆದರೆ ಅದು ಪುಕ್ಕಟೆಯಲ್ಲ. ಸಮವಾದ ರಸ್ತೆಯಲ್ಲಿ ಓಡುವಾಗಲೂ ಎರಡನೆಯ ಚಕ್ರ ಮೊದಲನೆಯದಕ್ಕಿಂತ ಒಂದಿಷ್ಟು ಹಿಂದೆಯೇ ಉಳಿಯುತ್ತದೆ. ಹೀಗೆ ಜಾರಿಹೋದ ಶಕ್ತಿ ಎಲ್ಲಿಗೆ ಹೋಯಿತು? ಜೇಮ್ಸ್ ಜೂಲ್ 1840ರ ದಶಕದಲ್ಲಿ ನೀರನ್ನು ಹುಟ್ಟಿನಿಂದ ಕಡೆದು ಕಡೆದು ಅದು ಬಿಸಿಯಾಗುವುದನ್ನು ಅಳೆದು ತೋರಿಸಿದ್ದು ಶಾಲೆಯಲ್ಲಿ ಓದಿದವರಿಗೆ ನೆನಪಿರಬಹುದು. ಇಲ್ಲಿಯೂ ಅದೇ ಕಥೆ. ನೂರು ಅಶ್ವಶಕ್ತಿ ದಾಟುತ್ತಿರುವಾಗ ನೂರಕ್ಕೆ ಹತ್ತು ಪಾಲು ಜಾರಿತೆಂದರೆ ಹತ್ತು ಅಶ್ವಶಕ್ತಿ, ಅಂದರೆ ಸುಮಾರು ಏಳೂವರೆ ಕಿಲೋವಾಟ್, ಎಣ್ಣೆಯಲ್ಲಿ ಶಾಖವಾಗಿ ಸೇರುತ್ತದೆ. ಸ್ನಾನದ ನೀರು ಕಾಯಿಸುವ ಒಂದು ಕಿಲೋವಾಟಿನ ವಿದ್ಯುತ್ ಕಡ್ಡಿಗಳನ್ನು ಏಳೆಂಟು ಒಟ್ಟಿಗೆ ಅದ್ದಿದಂತೆ! ಎಂಬತ್ತು ತೊಂಬತ್ತು ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಬಹುಕಾಲ ಬಾಳುವ ಎಣ್ಣೆ ನೂರಿಪ್ಪತ್ತು ದಾಟಿದರೆ ಬೇಗನೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತದೆ. ಗೇರುಪೆಟ್ಟಿಗೆಯ ಆಯುಸ್ಸು ಅದರೊಡನೆ ತೀರುತ್ತದೆ.

ಇದಕ್ಕೆ ಪರಿಹಾರವೇ ಲಾಕ್‌ಅಪ್. ಡಬ್ಬಿಯೊಳಗೇ ಒಂದು ತಟ್ಟೆಯನ್ನಿಟ್ಟು, ವೇಗ ಬಂದ ಮೇಲೆ ಎಣ್ಣೆಯ ಒತ್ತಡದಿಂದಲೇ ಅದನ್ನು ಡಬ್ಬಿಯ ಗೋಡೆಗೆ ಅಮುಕಿಬಿಡುವುದು. ಆಗ ಎರಡು ಚಕ್ರಗಳೂ ಒಂದೇ ತುಂಡಿನಂತೆ ತಿರುಗುತ್ತವೆ. ಜಾರುವುದೂ ಇಲ್ಲ, ಕಾಯುವುದೂ ಇಲ್ಲ. ಲಾಕ್ ಎಂದೊಡನೆ ಬೀಗವೆನ್ನಬೇಡಿ. ಬೀಗಕ್ಕೆ ಬೀಗದ ಕೈ ಬೇಕು. ಇದು ಬೇಕಾದಾಗ ಸರಿಸಿ ಬೇಡವಾದಾಗ ತೆಗೆಯುವ ಬಾಗಿಲ ಅಗುಳಿ. ಅಮೆರಿಕದಲ್ಲಿ 1949ರಲ್ಲೇ ಪ್ಯಾಕರ್ಡ್ ಕಾರುಗಳಿಗೆ ಇದು ಬಂದಿತ್ತು. 1973ರಲ್ಲಿ ತೈಲದ ಬಿಕ್ಕಟ್ಟು ತಲೆದೋರಿದ ಮೇಲೆ ತೊಟ್ಟು ಪೆಟ್ರೋಲಿಗೂ ಲೆಕ್ಕ ಬಂತು. 1978ರಲ್ಲಿ ಕ್ರೈಸ್ಲರ್ ಇದನ್ನು ಮತ್ತೆ ಬಳಕೆಗೆ ತಂದಿತು. ಅನಂತರ ಉಳಿದವರೂ ಹಿಂಬಾಲಿಸಿದರು.

ಅಗುಳಿ ಯಾವಾಗ ಬೀಳಬೇಕು, ಯಾವಾಗ ಏಳಬೇಕು ಎಂಬುದನ್ನು ಕಾರ್ಖಾನೆಯವರೇ ಗೊತ್ತುಮಾಡಿರುತ್ತಾರೆ. ಬಂಡಿಯನ್ನು ಮಾರ್ಪಡಿಸಿದರೆ ಆ ಲೆಕ್ಕ ತಪ್ಪುತ್ತದೆ. 1994ರಿಂದ 2002ರವರೆಗೆ ಅಮೆರಿಕದಲ್ಲಿ ಬಂದ, 5.9 ಲೀಟರಿನ ಕಮಿನ್ಸ್ ಡೀಸೆಲ್ ಎಂಜಿನ್ನಿನ ಡಾಜ್ ರ‍್ಯಾಮ್ ಪಿಕಪ್ ಟ್ರಕ್ಕನ್ನೇ ನೋಡೋಣ. 1994ರಲ್ಲಿ ಕೈಗೇರಿನ ಟ್ರಕ್ಕಿಗೆ 175 ಅಶ್ವಶಕ್ತಿ ಕೊಟ್ಟ ಕಂಪೆನಿ, ಸ್ವಯಂಚಾಲಿತ ಗೇರಿನದಕ್ಕೆ ಅದೇ ಎಂಜಿನ್ನಿನಲ್ಲಿ 160 ಮಾತ್ರ ಕೊಟ್ಟಿತು. ಗೇರುಪೆಟ್ಟಿಗೆ ತಾಳಬಲ್ಲ ಭಾರದ ವಿಷಯದಲ್ಲಿ ಅವರು ಎಷ್ಟು ಎಚ್ಚರವಾಗಿದ್ದರೆಂಬುದು ಇದರಿಂದಲೇ ತಿಳಿಯುತ್ತದೆ. ಒಡೆಯರು ಸುಮ್ಮನಿರುವರೆ? ಎಂಜಿನ್ನಿನ ಬಲ ಹೆಚ್ಚಿಸುತ್ತಾರೆ, ದೊಡ್ಡ ಟಯರು ಹಾಕುತ್ತಾರೆ, ಹಿಂದೆ ಭಾರಿ ತೇರುಬಂಡಿಯಂಥ ಟ್ರೈಲರು ಕಟ್ಟುತ್ತಾರೆ.

ಟಯರಿನಿಂದಲೇ ಆರಂಭಿಸೋಣ. ಮೊದಲು ಅದರ ಎತ್ತರ ಸುಮಾರು 31 ಅಂಗುಲ. ಹಿಂದಿನ ಅಚ್ಚಿನ ಗೇರು 3.54, ನಾಲ್ಕನೆಯ ಗೇರು 0.69 ಎಂದು ಹಿಡಿದರೆ, ಗಂಟೆಗೆ 45 ಮೈಲಿ, ಅಂದರೆ 72 ಕಿಲೋಮೀಟರ್ ವೇಗದಲ್ಲಿ ಅಗುಳಿ ಬಿದ್ದಾಗ ಎಂಜಿನ್ ನಿಮಿಷಕ್ಕೆ ಸುಮಾರು 1190 ಸುತ್ತು ತಿರುಗುತ್ತದೆ. 35 ಅಂಗುಲದ ಟಯರು ಹಾಕಿ, ವೇಗಮಾಪಕವನ್ನೂ ಅದಕ್ಕೆ ಸರಿಪಡಿಸಿ, ಅದೇ 45ಕ್ಕೆ ಅಗುಳಿ ಹಾಕಿದಿರೋ, ಸುತ್ತು 1060ಕ್ಕೆ ಇಳಿಯುತ್ತದೆ. ಚಕ್ರ ದೊಡ್ಡದು, ಸುತ್ತು ಕಡಮೆ, ಹೊರೆ ಹೆಚ್ಚು. ಎಂಜಿನ್ ಏದುಸಿರು ಬಿಡುತ್ತದೆ, ಟ್ರಕ್ಕು ಹಾಸುಗಲ್ಲಿನ ಬೀದಿಯಲ್ಲಿ ಓಡಿದಂತೆ ನಡುಗುತ್ತದೆ. ತಟ್ಟೆ ಪೂರ್ತಿ ಕಚ್ಚದೆ ಜಾರಿದರೂ ಇಂಥದೇ ನಡುಕ. ಹೀಗೆ ತೇಯುವುದು ಅಗುಳಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ತಟ್ಟೆಯ ಪುಡಿ ಎಣ್ಣೆಯೊಡನೆ ಗೇರುಪೆಟ್ಟಿಗೆಯ ಮೂಲೆಮೂಲೆಗೂ ಹೋಗುತ್ತದೆ. ಅಗುಳಿ ಬೀಳುವ ವೇಗವನ್ನು 51 ಮೈಲಿಗೆ ಏರಿಸಿದರೆ ಸುತ್ತು ಮತ್ತೆ 1200ರ ಹತ್ತಿರ ಬರುತ್ತದೆ. ಏಳುವ ವೇಗವನ್ನು ಅದಕ್ಕಿಂತ ನಾಲ್ಕೈದು ಮೈಲಿ ಕೆಳಗಿಡಬೇಕು. ಎರಡೂ ಒಂದೇ ಆದರೆ ಸಣ್ಣ ಏರು ಬಂದಾಗಲೆಲ್ಲ ಅಗುಳಿ ಬೀಳುತ್ತ ಏಳುತ್ತ ಸವಾರರಿಗೆ ಬೇಸರ, ತಟ್ಟೆಗೆ ಸವಕಲು.

ಹೆಚ್ಚಿದ ಬಲದ ಮಾತು ಬೇರೆ. ಆಕ್ಸಿಲರೇಟರನ್ನು ಪೂರ್ತಿ ತುಳಿದಿರುವಾಗ ಅಗುಳಿ ಬಿದ್ದರೆ ಮೂಲ ಟ್ರಕ್ಕಿನ ಒಂದೇ ತಟ್ಟೆ ಆ ಬಲವನ್ನು ಹಿಡಿಯಲಾರದೆ ಜಾರುತ್ತದೆ. ಮೂರು ತಟ್ಟೆಗಳ ಕನ್ವರ್ಟರನ್ನು ಹಾಕಿದವರಿಗೆ ಜಾರುವ ಭಯ ಕಡಮೆಯಾಗುತ್ತದೆ. ಆದರೆ ಏಟು ಮುಂದಿನ ದಂಡಕ್ಕೆ ಬೀಳುತ್ತದೆ. ಗಟ್ಟಿ ಹಿಡಿತದ ಬಂಡಿಗಳಲ್ಲಿ ಗೇರುಪೆಟ್ಟಿಗೆಯ ಒಳದಂಡ ಮುರಿದದ್ದುಂಟು. ಎಣ್ಣೆಯ ಮೃದುತನವೇ ಆ ದಂಡಕ್ಕೆ ದಿಂಬಾಗಿತ್ತೆಂಬುದು ದಿಂಬು ತೆಗೆದ ಮೇಲೆ ತಿಳಿಯುತ್ತದೆ. ಆದುದರಿಂದ ಗೇರು ಬದಲಾಗುವ ಗಳಿಗೆಯಲ್ಲಿ ಅಗುಳಿ ಎದ್ದಿರಬೇಕು. ಕಾಲು ತುಸು ಸಡಿಲಿಸಿದಾಗ ಅದು ಬೀಳಬೇಕು.

ನಿಜವಾದ ಪರೀಕ್ಷೆ ಬೆಟ್ಟದಲ್ಲಿ. ಕೊಲರಾಡೊ ರಾಜ್ಯದಲ್ಲಿ 1973ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ 11,000 ಅಡಿಗೂ ಮೇಲಿದೆ. ಅದರ ಪಕ್ಕದ ಹೆದ್ದಾರಿ ಕೆಲವೆಡೆ ನೂರು ಅಡಿಗೆ ಏಳಡಿ ಏರುತ್ತದೆ. ಟ್ರೈಲರು ಎಳೆದುಕೊಂಡು ಅಲ್ಲಿ ನಾಲ್ಕನೆಯ ಗೇರಿಗೇ ಜೋತುಬಿದ್ದರೆ ಎಂಜಿನ್ ಸೋತು ಅಗುಳಿ ಏಳುತ್ತದೆ, ಎಣ್ಣೆ ಕಾಯುತ್ತದೆ. ಬಲ್ಲವರು ಮೂರನೆಯ ಗೇರಿಗೆ ಇಳಿದು ಅಗುಳಿಯನ್ನು ಹಾಕಿಯೇ ಇಡುತ್ತಾರೆ. ಆ 35 ಅಂಗುಲದ ಟಯರಿನಲ್ಲೂ 45 ಮೈಲಿ ವೇಗಕ್ಕೆ 1530 ಸುತ್ತು ಸಿಗುತ್ತದೆ. ಡೀಸೆಲ್ ಎಂಜಿನ್ ಸಂತೋಷದಿಂದ ಎಳೆಯುವ ಸುತ್ತು ಅದು.

ಇಳಿಜಾರಿನಲ್ಲಿ ಪ್ರಾಣದ ಪ್ರಶ್ನೆ. ಎಂಜಿನ್ ಹಿಡಿದು ನಿಲ್ಲಿಸಬೇಕಾದರೆ ಚಕ್ರಕ್ಕೂ ಅದಕ್ಕೂ ಗಟ್ಟಿ ನಂಟಿರಬೇಕು; ಹೊಗೆಕೊಳವೆಯನ್ನು ಅರೆಮುಚ್ಚಿ ಎಂಜಿನ್ನಿನಿಂದ ಬಂಡಿ ತಡೆಯುವ ಉಪಕರಣ ಜೋಡಿಸಿದ್ದರಂತೂ ಸರಿಯೇ ಸರಿ. ಆದರೆ ಈ ಟ್ರಕ್ಕಿನಲ್ಲಿ ಬ್ರೇಕಿಗೆ ಕಾಲು ಸೋಕಿದೊಡನೆ ಅಗುಳಿ ಏಳುವಂತೆ ಕಾರ್ಖಾನೆಯವರು ಮಾಡಿದ್ದಾರೆ. ಊರೊಳಗೆ ನಿಲ್ಲುವಾಗ ಎಂಜಿನ್ ಆರದಿರಲು ಅದು ಯುಕ್ತ. ಬೆಟ್ಟದಲ್ಲಾದರೋ, ತಡೆಯಬೇಕೆಂದು ಕಾಲಿಟ್ಟ ಕ್ಷಣವೇ ಎಂಜಿನ್ನಿನ ತಡೆ ಕೈಬಿಟ್ಟು ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಇದಕ್ಕಾಗಿಯೇ ಹಲವರು ಚಾಲಕನ ಮುಂದೆ ಒಂದು ಸ್ವಿಚ್ಚಿಟ್ಟು ಅಗುಳಿಯನ್ನು ಕೈವಶ ಮಾಡಿಕೊಳ್ಳುತ್ತಾರೆ. ಮರೆವು ಮನುಷ್ಯನಿಗೆ ಸಹಜವಾದುದರಿಂದ ನನಗೆ ಬರಿಯ ಸ್ವಿಚ್ಚಿಗಿಂತ, ಗೊತ್ತುಮಾಡಿದ ವೇಗಕ್ಕಿಂತ ಇಳಿದಾಗ ತಾನಾಗಿ ಬಿಟ್ಟುಕೊಡುವ ಪ್ರತ್ಯೇಕ ನಿಯಂತ್ರಕವೇ ಹೆಚ್ಚು ಹಿತವೆನಿಸುತ್ತದೆ.

ಹೀಗೆ ಹೊಂದಿಸಿದ ಮೇಲೆ ಫಲವನ್ನು ಹೇಳುವುದು ಉಷ್ಣಮಾಪಕ. ಅದನ್ನು ಎಣ್ಣೆಯ ತಳದ ತಟ್ಟೆಯಲ್ಲಿ ಮಾತ್ರ ಇಟ್ಟರೆ ಸುದ್ದಿ ತಡವಾಗಿ ಬರುತ್ತದೆ. ಕನ್ವರ್ಟರಿನಿಂದ ತಂಪುಗಾರಕ್ಕೆ ಹೋಗುವ ಕೊಳವೆಯಲ್ಲಿ ಇಡಬೇಕು. ಮೊದಲು ಬರಿಯ ಟ್ರಕ್ಕನ್ನು ಸಮನೆಲದಲ್ಲಿ ಓಡಿಸಿ, ಅಗುಳಿ ಬಿದ್ದಾಗ ಸುತ್ತು ಇನ್ನೂರು ಮುನ್ನೂರು ಇಳಿದು ಸ್ಥಿರವಾಯಿತೇ ಎಂದು ನೋಡಿ, ಆಮೇಲೆ ಟ್ರೈಲರು ಕಟ್ಟಿ ಸಣ್ಣದೊಂದು ಏರಿಗೆ ಒಯ್ಯುವುದು. ಸುರಂಗದ ದಾರಿ ಅದಾದ ಮೇಲೆ.